ಒಂದೇ ತೂಕದ ನಾಲ್ಕು ಕೂಸುಗಳು

ಆ ಕಾರ್ಖಾನೆಯಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಎಲ್ಲರ ಬಾಯಲ್ಲೂ ಕಲ್ಲಕ್ಕ. ಎಲೆಕ್ಟ್ರಾನಿಕ್ ತೂಕದ ಯಂತ್ರಗಳು ತಯಾರಾಗುವ ಕಾರ್ಖಾನೆ ಅದು. ತಯಾರಾದ ಒಂದೊಂದು ಯಂತ್ರದ ಮೇಲೂ ತೂಕದ ಕಲ್ಲುಗಳನ್ನಿಟ್ಟು ನೋಡಿ, ಸರಿಯಿದ್ದರೆ ಹಸಿರು ಚೀಟಿ ಅಂಟಿಸಿ ಅದರ ಮೇಲೆ ರುಜು ಹಾಕುವುದು ಆಕೆಯ ಕೆಲಸ. ಕಲ್ಲು ಎತ್ತಿ ಎತ್ತಿ ಕಲ್ಲಕ್ಕ ಆದಳು ಎಂದು ಕೆಲವರು ಹೇಳಿದರೆ, ಎದೆಯೂ ಕಲ್ಲೇ, ಅದಕ್ಕೇ ಆ ಹೆಸರು ಎಂದು ಉಳಿದವರು. ಎರಡೂ ಆಕೆಯ ಕಿವಿಗೆ ಬಿದ್ದಿದ್ದವು.

"ಎರಡೂ ನಿಜ ಕಣ್ರೋ. ಈಗ ಮುಂದಿನ ಯಂತ್ರ ತನ್ನಿ," ಎನ್ನುತ್ತಿದ್ದಳು.

ಇಪ್ಪತ್ತೆರಡು ವರ್ಷ ಅದೇ ಕೋಣೆ. ಒಂದು ಉದ್ದನೆಯ ಮೇಜು, ಅದರ ಮೇಲೆ ಕಪ್ಪು ರಬ್ಬರ್ ಹಾಸು, ಒಂದು ಕಿಟಕಿ, ಮತ್ತು ಮರದ ಪೆಟ್ಟಿಗೆಯೊಳಗೆ ಒಂದೊಂದಕ್ಕೂ ಬೇರೆ ಬೇರೆ ಗುಳಿ ಮಾಡಿ ಮಲಗಿಸಿದ ಕಲ್ಲುಗಳು. ಬರಿಗೈಯಲ್ಲಿ ಅವನ್ನು ಮುಟ್ಟುವಂತಿಲ್ಲ. ಬೆರಳಿನ ಬೆವರಿಗೂ ತೂಕವಿದೆ ಎಂದು ಹತ್ತಿಯ ಕೈಗವಸು ಹಾಕಿಕೊಳ್ಳುತ್ತಿದ್ದಳು. ಒಂದು ಕೆಜಿ ಇಡುವುದು, ಅಂಕಿ ಗಟ್ಟಿಯಾಗಿ ಓದುವುದು, ಬರೆಯುವುದು, ಇಳಿಸುವುದು. ಆಮೇಲೆ ಎರಡು, ಮೂರು, ಐದು, ಹತ್ತು. ಯಾರಾದರೂ ಬೇಗ ಬೇಗ ಎಂದು ಬಾಗಿಲಲ್ಲಿ ನಿಂತರೆ, "ಅವಸರ ಇದ್ರೆ ಕೈಯಲ್ಲಿ ಎತ್ತಿ ಅಂದಾಜು ನೋಡ್ಕೊಂಡು ಕಳಿಸಿ, ನಾನ್ಯಾಕೆ ಬೇಕು?" ಎಂದು ಬಾಗಿಲು ಹಾಕುತ್ತಿದ್ದಳು. ಬೇಗ ಮಾಡಿಸುವ ಧೈರ್ಯ ಮಾಡಿದವರು ಕಡಿಮೆ.

ಈಗ ಜಾಣನ ಕಥೆ ಸ್ವಲ್ಪ ಹೇಳಲೇಬೇಕು. ಮೇಲಿನ ಮಹಡಿಯಲ್ಲಿ ಕೂತು ಯಂತ್ರಗಳ ಒಳಗಿನ ಪ್ರೋಗ್ರಾಂ ಬರೆಯುವ ಎಂಜಿನಿಯರ್ ಅವನು, ಕಾರ್ಖಾನೆಯವರೆಲ್ಲ ಕರೆಯುತ್ತಿದ್ದುದೇ ಜಾಣ ಎಂದು. ಒಳ್ಳೆಯವನು, ಯಾರಿಗೂ ಕೇಡು ಬಯಸಿದವನಲ್ಲ. ಕೇಡು ಬಯಸದವರೇ ಮಾಡುವ ಕೇಡಿಗೆ ಈ ತಂತ್ರಜ್ಞಾನದ ಲೋಕದಲ್ಲಿ ಕೊರತೆಯಿಲ್ಲ. ಆಕಾಶಕ್ಕೆ ಹಾರಿಸಿದ ರಾಕೆಟ್ ಸಮುದ್ರಕ್ಕೆ ಬಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ, ವಿಚಾರಣೆ ನಡೆಯುತ್ತದೆ. ಸದ್ದಿಲ್ಲದೆ ಬೀಳುವವು ಬೇರೆ ಇವೆ.

ಆರು ವರ್ಷದ ಹಿಂದೆ, ಜನ ಮನೆಯಲ್ಲಿ ನಿಂತು ತೂಕ ನೋಡಿಕೊಳ್ಳುವ ಯಂತ್ರಗಳು ರಾಶಿ ರಾಶಿಯಾಗಿ ವಾಪಸು ಬರತೊಡಗಿದವು. ದೂರು ಒಂದೇ: "ಒಮ್ಮೆ ಹತ್ತಿದರೆ ಎಪ್ಪತ್ತು ಕೆಜಿ ಇನ್ನೂರು ಗ್ರಾಂ, ಇಳಿದು ಮತ್ತೆ ಹತ್ತಿದರೆ ಎಪ್ಪತ್ತು ನಾನೂರು. ಯಂತ್ರಕ್ಕೆ ಹುಚ್ಚು ಹಿಡಿದಿದೆ." ಯಂತ್ರಕ್ಕೆ ಏನೂ ಹಿಡಿದಿರಲಿಲ್ಲ. ಮನುಷ್ಯ ಎರಡು ಸಲ ಒಂದೇ ಥರ ನಿಲ್ಲುವುದಿಲ್ಲ, ಅಷ್ಟೇ. ಅದನ್ನು ಗಿರಾಕಿಗೆ ಹೇಳುವವರು ಯಾರು? ಜಾಣ ನಾಲ್ಕು ಸಾಲು ಬರೆದ. ಯಂತ್ರ ಹಿಂದಿನ ಸಲ ಹತ್ತಿದವರ ಅಂಕಿಯನ್ನು ನೆನಪಿಟ್ಟುಕೊಳ್ಳುತ್ತದೆ. ಹೊಸ ತೂಕ ಅದಕ್ಕಿಂತ ಮುನ್ನೂರು ಗ್ರಾಂ ಒಳಗೆ ಹೆಚ್ಚುಕಡಿಮೆ ಇದ್ದರೆ ಹಳೆಯ ಅಂಕಿಯನ್ನೇ ತೋರಿಸುತ್ತದೆ. ಎರಡು ಸಲ ಹತ್ತಿದರೂ ಒಂದೇ ತೂಕ. ಗಿರಾಕಿಗಳು ಖುಷಿ, ಮಾರುವವರು ಖುಷಿ. ಪೆಟ್ಟಿಗೆಯ ಮೇಲೆ 'ಸ್ಥಿರ ತೂಕ' ಎಂದು ದೊಡ್ಡದಾಗಿ ಅಚ್ಚಾಯಿತು, ಜಾಣನಿಗೆ ಒಂದು ಫಲಕ ಸಿಕ್ಕಿತು, ಅವನ ಫೋಟೋ ಮೆಟ್ಟಿಲ ಗೋಡೆಗೆ ಏರಿತು. ಇಷ್ಟು ಮರ್ಯಾದೆ ಸಿಕ್ಕ ಸುಳ್ಳನ್ನು ಅಲ್ಲಿ ಯಾರೂ ಸುಳ್ಳು ಎಂದುಕೊಳ್ಳಲಿಲ್ಲ.

ಎರಡು ವರ್ಷದ ಹಿಂದೆ ಕಂಪನಿ ಹೊಸದೊಂದು ಕೆಲಸ ಹಿಡಿಯಿತು. ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಕೂಸುಗಳ ತೂಕ ನೋಡುವ ಯಂತ್ರ. ಮೇಲೆ ತೊಟ್ಟಿಲಿನಂಥ ತಟ್ಟೆ ಹೊಸದು. ಒಳಗಿನ ಬೋರ್ಡು ಹಳೆಯದು, ಪ್ರೋಗ್ರಾಂ ಹಳೆಯದು, ಅದರೊಳಗೆ ಆ ನಾಲ್ಕು ಸಾಲು ಹಾಯಾಗಿ ಮಲಗಿದ್ದವು. ಜಾಣನಿಗೇ ಅವು ಮರೆತುಹೋಗಿದ್ದವು. ಕಲ್ಲಕ್ಕನಿಗೆ ಅವು ಇರುವುದೇ ಗೊತ್ತಿರಲಿಲ್ಲ. ಮೇಲಿನಿಂದ ಪರೀಕ್ಷೆಯ ಹಾಳೆ ಬಂತು: ಒಂದು, ಎರಡು, ಮೂರು, ಐದು, ಹತ್ತು. ಇಡೀ ಇಡೀ ಕೆಜಿ. ಒಂದಕ್ಕೂ ಎರಡಕ್ಕೂ ನಡುವೆ ಮುನ್ನೂರು ಗ್ರಾಂ ದಾಟಿ ಎಷ್ಟೋ ದೂರ. ಆ ಪರೀಕ್ಷೆಯಲ್ಲಿ ಆ ಯಂತ್ರ ಜನ್ಮದಲ್ಲಿ ಸಿಕ್ಕಿಬೀಳುವಂತಿರಲಿಲ್ಲ. ಕಲ್ಲಕ್ಕ ಮುನ್ನೂರ ಹದಿನಾರು ಯಂತ್ರಗಳಿಗೆ ಹಸಿರು ಚೀಟಿ ಅಂಟಿಸಿದಳು, ಮುನ್ನೂರ ಹದಿನಾರು ರುಜು ಹಾಕಿದಳು. ಅವು ಮುನ್ನೂರ ಹದಿನಾರು ಕ್ಲಿನಿಕ್‌ಗಳಿಗೆ ಹೋದವು.

ಅವುಗಳಲ್ಲಿ ಒಂದು ಅವಳ ಮನೆಯ ಹತ್ತಿರದ ಕ್ಲಿನಿಕ್ಕಿಗೇ ಹೋಗಿತ್ತು.

ಮಗಳು ಹೆರಿಗೆಗೆ ತಾಯಿ ಮನೆಗೆ ಬಂದಿದ್ದಳು. ಹುಟ್ಟಿದಾಗ ಕೂಸು ಮೂರು ಕೆಜಿ ಇನ್ನೂರ ಐವತ್ತು. ಹೆಣ್ಣು ಮಗು, ಅಳು ಕಡಿಮೆ, ನಿದ್ದೆ ಜಾಸ್ತಿ. "ನಿನ್ನ ಹಾಗಲ್ಲ ಕಣೇ, ನೀನು ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತಿದ್ದೆ," ಎಂದು ಕಲ್ಲಕ್ಕ ಹಿಗ್ಗಿದಳು. ಮಗಳು ಹಿಗ್ಗಲಿಲ್ಲ.

"ಅಮ್ಮಾ, ಇದು ಸರಿಯಾಗಿ ಹಾಲು ಕುಡೀತಿಲ್ಲ ಅನ್ಸುತ್ತೆ. ಹೋದ ವಾರ ಸರಿಯಾಗಿ ಕೂತ ಅಂಗಿ ಈಗ ಸಡಿಲ ಆಗಿದೆ ನೋಡು."

"ಒಗೆದೂ ಒಗೆದೂ ಬಟ್ಟೆ ಸಡಿಲ ಆಗಿರುತ್ತೆ. ಕ್ಲಿನಿಕ್ಕಲ್ಲಿ ತೂಕ ಎಷ್ಟು ಬಂತು?"

"ಮೂರು ಮುನ್ನೂರ ಐವತ್ತು."

"ಅದರ ಹಿಂದಿನ ವಾರ?"

"ಮೂರು ಮುನ್ನೂರು."

"ಮತ್ತೆ! ಏರ್ತಾ ಇದೆಯಲ್ಲ! ಅಲ್ಲಿರೋದು ನಮ್ಮ ಯಂತ್ರ ಕಣೇ, ನಾನೇ ಪಾಸ್ ಮಾಡಿ ಕಳಿಸಿದ್ದು. ಅದು ಸುಳ್ಳು ಹೇಳಲ್ಲ. ನಿನ್ನ ಮನಸ್ಸು ಹೇಳ್ತಿದೆ. ಬಾಣಂತಿಗೆ ಹೀಗೆಲ್ಲ ಅನ್ಸೋದು ಸಹಜ. ಸುಮ್ನೆ ಮಲಕ್ಕೋ."

ಮಗಳು ಮಲಗಿದಳು, ಆದರೆ ಸುಮ್ಮನಾಗಲಿಲ್ಲ. ಮುಂದಿನ ವಾರ ತೂಕದ ದಿನ ಬಂದಾಗ, "ನೀನೂ ಬಾ. ನಿನ್ನ ಯಂತ್ರ ನೀನೇ ನೋಡು," ಎಂದು ಹಟ ಹಿಡಿದಳು. ಕಲ್ಲಕ್ಕ ಅರ್ಧ ದಿನ ರಜೆ ಹಾಕಿ ಗೊಣಗುತ್ತಲೇ ಹೋದಳು.

ಕ್ಲಿನಿಕ್ಕಿನ ಹಜಾರದಲ್ಲಿ ತಾಯಂದಿರ ಸಾಲು. ನರ್ಸಿನ ಕೈ ಚುರುಕು. ಕೂಸನ್ನು ತಟ್ಟೆಗೆ ಇಳಿಸುವುದು, ಅಂಕಿ ಕೂಗುವುದು, ಎತ್ತಿ ಕೊಡುವುದು. ಪಕ್ಕದಲ್ಲಿ ಕೂತ ಇನ್ನೊಬ್ಬಳು ಕಾರ್ಡಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮುಂದೆ ಒಂದು ಗುಂಡು ಗುಂಡಾದ ಗಂಡು ಮಗು ಇತ್ತು.

"ಮೂರು ನಾನೂರು!" ನರ್ಸ್ ಕೂಗಿದಳು.

ಎರಡನೆಯದು. "ಮೂರು ನಾನೂರು!"

ಮೂರನೆಯದು ಕಣ್ಣಿಗೇ ಸಣ್ಣಗೆ ಕಾಣುತ್ತಿತ್ತು. "ಮೂರು ನಾನೂರು!"

ನಾಲ್ಕನೆಯದು ಕಲ್ಲಕ್ಕನ ಮೊಮ್ಮಗಳು. "ಮೂರು ನಾನೂರು! ಏನ್ರಮ್ಮಾ, ಎಲ್ಲಾ ಮಕ್ಕಳೂ ಮಾತಾಡ್ಕೊಂಡು ಬಂದಿದಾವಾ ಇವತ್ತು?"

ತಾಯಂದಿರು ನಕ್ಕರು. ಕಲ್ಲಕ್ಕ ಬಗ್ಗಿ ಯಂತ್ರದ ಅಂಕಿಯನ್ನೇ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಎರಡು ಕಲ್ಲುಗಳೂ ಒಂದೇ ತೂಕ ಬಂದದ್ದನ್ನು ಅವಳು ಕಂಡಿರಲಿಲ್ಲ. ಉಜ್ಜಿ ಉಜ್ಜಿ ಸರಿಮಾಡಬೇಕು. ಇಲ್ಲಿ ಬೇರೆ ಬೇರೆ ಹೊಟ್ಟೆಯಲ್ಲಿ ಹುಟ್ಟಿದ ನಾಲ್ಕು ಕೂಸುಗಳು ಗ್ರಾಮಿಗೆ ಗ್ರಾಂ ಸಮ ಎಂದರೆ?

"ಸ್ವಲ್ಪ ನಿಲ್ಸಿ ತಾಯಿ," ಎಂದಳು. ಮೇಜಿನ ಮೇಲಿದ್ದ ನೀರು ಕುಡಿಯುವ ದಪ್ಪ ಸ್ಟೀಲ್ ಲೋಟವನ್ನು ಕೂಸಿನ ಕಾಲ ಬಳಿ ಇಟ್ಟು, ಎರಡನ್ನೂ ಒಮ್ಮೆ ಎತ್ತಿ ಮತ್ತೆ ಇಳಿಸಿದಳು. ಮೂರು ನಾನೂರು. ಲೋಟ ತೆಗೆದು ಮತ್ತೆ ತೂಗಿದಳು. ಮೂರು ನಾನೂರು. "ನಿಮ್ಮ ಹಳೇ ತಕ್ಕಡಿ ಎಲ್ಲಿದೆ?"

ಕಂಬಿಯ ಮೇಲೆ ಗುಂಡು ಸರಿಸಿ ನೋಡುವ ಹಳೆಯ ತಕ್ಕಡಿ ಮೂಲೆಯಲ್ಲಿತ್ತು. ಅದರ ತಟ್ಟೆಯಲ್ಲಿ ಕಾಗದದ ಕಟ್ಟುಗಳು ಕೂತಿದ್ದವು. ನರ್ಸ್ ಮುಖ ಗಂಟಿಕ್ಕಿದಳು. "ಅಯ್ಯೋ, ಅದು ಓಬೀರಾಯನ ಕಾಲದ್ದು. ಅದನ್ನ ನಂಬಿ ಇದನ್ನ ಬಿಡ್ತೀರಾ? ಇದು ಕಂಪ್ಯೂಟರ್ರು! ಚೀಟಿ ನೋಡಿ, ಪರೀಕ್ಷೆ ಆಗಿ ಬಂದಿದೆ."

"ಆ ಚೀಟಿ ಮೇಲಿನ ರುಜು ನಂದೇ ಕಣಮ್ಮಾ," ಎಂದಳು ಕಲ್ಲಕ್ಕ. ನರ್ಸ್ ಪಕ್ಕಕ್ಕೆ ಸರಿದಳು. ಕಾಗದ ಇಳಿಸಿ, ಧೂಳು ಒರೆಸಿ, ಕಾಲಿನ ಕೆಳಗೆ ರಟ್ಟು ಮಡಚಿಟ್ಟು ಕಂಬಿ ಮಟ್ಟವಾಗುವವರೆಗೆ ಕಾದು, ಕಲ್ಲಕ್ಕ ಮೊಮ್ಮಗಳನ್ನು ಮಲಗಿಸಿದಳು. ಗುಂಡನ್ನು ಸರಿಸಿದಳು.

ಮೂರು ಕೆಜಿ ನೂರ ಇಪ್ಪತ್ತು. ಹುಟ್ಟಿದ್ದಕ್ಕಿಂತ ಕಡಿಮೆ.

ಡಾಕ್ಟರು ಬಂದು ಕೂಸಿನ ಬಾಯಿ ತೆರೆಸಿ ನೋಡಿದರು, ಚರ್ಮ ಎಳೆದು ನೋಡಿದರು. ಮಗು ಚೀಪುತ್ತಿತ್ತು, ಹಾಲು ಮಾತ್ರ ಹೊಟ್ಟೆಗೆ ಇಳಿಯುತ್ತಿರಲಿಲ್ಲ. ಸುಸ್ತಾಗಿ ನಿದ್ದೆ ಮಾಡುತ್ತಿತ್ತು. ಅಜ್ಜಿ ಸಾಧು ಮಗು ಎಂದು ಹಿಗ್ಗಿದ್ದು ಆ ಸುಸ್ತನ್ನು ನೋಡಿ. "ಸರಿಮಾಡಬಹುದು, ಹೆದರಬೇಡಿ. ಆದ್ರೆ ಇನ್ನೆರಡು ವಾರ ಹೀಗೇ ಬಿಟ್ಟಿದ್ರೆ ನಾನು ಈ ಮಾತು ಹೇಳೋಕೆ ಆಗ್ತಿರ್ಲಿಲ್ಲ," ಎಂದರು ಡಾಕ್ಟರು. ಆ ಯಂತ್ರದ ತಂತಿಯನ್ನು ಅವರೇ ಗೋಡೆಯಿಂದ ಕಿತ್ತರು.

ಮನೆಯ ಬಾಗಿಲಲ್ಲಿ ಮಗಳು ಒಂದೇ ಮಾತು ಆಡಿದಳು. "ನಾನು ಹೆತ್ತವಳು ಹೇಳಿದ್ರೆ ನಂಬಲಿಲ್ಲ ನೀನು. ಅದನ್ನ ನಂಬಿದೆ."

ಕಲ್ಲಕ್ಕ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ನಾಚಿಕೆಯಿಂದ ಅತ್ತಳು, ಸಿಟ್ಟಿನಿಂದ ಅತ್ತಳು. ಮುಖ ತೊಳೆದು ಬರುವಾಗ ನಾಚಿಕೆ ಉಳಿದಿತ್ತು, ಸಿಟ್ಟು ದೊಡ್ಡದಾಗಿತ್ತು. ತನ್ನ ಮನೆಯ ಕೂಸಿಗೆ ತಕ್ಕಡಿ ಬಲ್ಲ ಅಜ್ಜಿ ಇದ್ದಳು. ಉಳಿದ ಮುನ್ನೂರ ಹದಿನೈದು ಕಡೆ ಸಾಲಿನಲ್ಲಿ ನಿಂತ ಕೂಸುಗಳಿಗೆ ಯಾರಿದ್ದಾರೆ?

ಮರುದಿನ ಬೆಳಗ್ಗೆ ಕಾರ್ಖಾನೆಗೆ ಹೋದವಳೇ ಕಟ್ಟಿಟ್ಟ ಪೆಟ್ಟಿಗೆಯಿಂದ ಹೊಸ ಯಂತ್ರ ಒಂದನ್ನು ತೆಗೆಸಿ, ಜಾಣನನ್ನು ಕೆಳಗೆ ಕರೆಸಿದಳು. ಮೂರು ಕೆಜಿ ಇಟ್ಟಳು: ಮೂರು. ಇಳಿಸಿ, ಇನ್ನೂರು ಗ್ರಾಂ ಕಲ್ಲು ಸೇರಿಸಿ ಇಟ್ಟಳು: ಮೂರು. ಇನ್ನೂರರ ಜೊತೆ ಐವತ್ತು ಸೇರಿಸಿದಳು: ಮೂರು. ಜಾಣನ ಮುಖ ಸುಣ್ಣ ಬಳಿದ ಹಾಗಾಯಿತು.

"ಅಯ್ಯಯ್ಯೋ... ಅಕ್ಕಾ, ಇದು ನಂದು. ನಾಲ್ಕು ಸಾಲು. ತೆಗೀಬೇಕಿತ್ತು, ನೆನಪೇ ಆಗ್ಲಿಲ್ಲ. ಎಪ್ಪತ್ತು ಕೆಜಿ ಮನುಷ್ಯನಿಗೆ ಮುನ್ನೂರು ಗ್ರಾಂ ಅಂದ್ರೆ ಕುಡಿದ ನೀರು ಅಷ್ಟೇ."

"ಮೂರು ಕೆಜಿ ಕೂಸಿಗೆ?"

ಅವನು ಕುರ್ಚಿ ಎಳೆದುಕೊಂಡು ಕೂತ, ಕಣ್ಣಲ್ಲಿ ನೀರು. "ಮೈಯಲ್ಲಿ ಹತ್ತರಲ್ಲಿ ಒಂದು ಪಾಲು."

"ಅಳಬೇಡ. ನಿಂದೂ ತಪ್ಪು, ನಂದೂ ತಪ್ಪು. ನೀನು ಬರೆದೆ, ನಾನು ಕಣ್ಣು ಮುಚ್ಕೊಂಡು ಹಾಳೆಯಲ್ಲಿ ಇದ್ದಷ್ಟೇ ತೂಗಿದೆ. ಸಣ್ಣ ಕಲ್ಲುಗಳು ಪೆಟ್ಟಿಗೆಯಲ್ಲೇ ಇದ್ವು, ಕೈ ಹಾಕಲಿಲ್ಲ. ಏಳು, ಮ್ಯಾನೇಜರ್ ಹತ್ರ ಹೋಗೋಣ."

ಮ್ಯಾನೇಜರ್ ಕೆಟ್ಟವನಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಪೂರ್ತಿ ಕೇಳಿಸಿಕೊಂಡ, ತಲೆಯಾಡಿಸಿದ, ಕೂಸು ಹೇಗಿದೆ ಎಂದು ವಿಚಾರಿಸಿದ. ಆಮೇಲೆ ಹೇಳಿದ:

"ಇವತ್ತಿಂದ ಹೊಸ ಯಂತ್ರಗಳಿಗೆ ಆ ನಾಲ್ಕು ಸಾಲು ತೆಗೆದುಬಿಡಿ. ಹೊರಗೆ ಹೋಗಿರೋವು ಸರ್ವಿಸಿಗೆ ಬಂದಾಗ ಸದ್ದಿಲ್ದೆ ಬದಲಾಯಿಸೋಣ."

"ಸರ್ವಿಸಿಗೆ ಯಾವಾಗ ಬರ್ತಾವೆ ಸಾರ್?"

"ವರ್ಷಕ್ಕೊಮ್ಮೆ."

"ಕೂಸಿಗೆ ವರ್ಷ ಅಂದ್ರೆ ಇಡೀ ಆಯುಸ್ಸು ಸಾರ್!"

"ನೋಡಿ ಕಲ್ಲಕ್ಕ, ಊರಿಗೆಲ್ಲ ಡಂಗುರ ಹೊಡೆದ್ರೆ ನಾಳೆ ನಮ್ಮ ಯಾವ ಯಂತ್ರಾನೂ ಯಾರೂ ಮುಟ್ಟಲ್ಲ. ಇಷ್ಟು ಜನ ಕೆಲಸ ಮಾಡ್ತಿದ್ದೀವಿ ಇಲ್ಲಿ. ಮಾನ ಹೋದ್ರೆ ಏನು ಉಳಿಯುತ್ತೆ?"

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಮ್ಮದು ಮುನ್ನೂರು ಗ್ರಾಮಿಗೆ ಹೋಗಿಯಾಗಿದೆ. ಈಗ ಉಳಿದಿರೋದು ಮಕ್ಕಳು ಮಾತ್ರ."

ಮ್ಯಾನೇಜರ್ ಒಂದು ಕಾಗದದ ಮೇಲೆ ಏನೋ ಬರೆದು ಮುಂದೆ ತಳ್ಳಿದ. ಹೊಸ ಯಂತ್ರಗಳ ಪರೀಕ್ಷಾ ಪತ್ರ. ಕೆಳಗೆ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದ: ಈ ಹಿಂದೆ ಕಳಿಸಿದ ಯಂತ್ರಗಳೂ ಸರಿಯಾಗಿ ಪರೀಕ್ಷೆಗೊಳಪಟ್ಟಿವೆ. ಅದರ ಕೆಳಗೆ ಕಲ್ಲಕ್ಕನ ರುಜುವಿಗೆ ಜಾಗ.

"ಕೈ ಮುರಿದ್ರೂ ಹಾಕಲ್ಲ," ಎಂದಳು ಕಲ್ಲಕ್ಕ. "ಗೊತ್ತಿಲ್ದೆ ಮುನ್ನೂರ ಹದಿನಾರು ಸುಳ್ಳು ರುಜು ಹಾಕಿದೀನಿ. ಗೊತ್ತಿದ್ದೂ ಒಂದು ಹಾಕಿಸ್ತೀರಾ?"

"ಹಾಕದಿದ್ರೆ ನಿಮ್ಮನ್ನ ಇಲ್ಲಿ ಇಟ್ಕೊಳ್ಳೋಕೆ ಕಷ್ಟ ಆಗುತ್ತೆ. ಯೋಚನೆ ಮಾಡಿ. ಮಧ್ಯಾಹ್ನ ಮಾತಾಡೋಣ."

ಕಲ್ಲಕ್ಕ ಯೋಚನೆ ಮಾಡಿದ್ದು ಮೆಟ್ಟಿಲು ಇಳಿಯುವಷ್ಟು ಹೊತ್ತು. ಕಾರ್ಖಾನೆಯ ಮುಂಬಾಗಿಲ ಹತ್ತಿರ, ಬಂದವರೆಲ್ಲ ಕೂರುವ ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಕಂಪನಿಯ ಫೋನು. ಹೋಗಿ ಅಲ್ಲಿ ಕೂತಳು. ಕದ್ದು ಮಾಡುವ ಕೆಲಸ ಇದಲ್ಲ ಎಂದು ಅವಳು ಮೊದಲೇ ತೀರ್ಮಾನಿಸಿದ್ದಳು. ಕದ್ದು ಮಾಡಿದರೆ ಕದ್ದವಳ ಮಾತು ಯಾರೂ ನಂಬುವುದಿಲ್ಲ. ಯಂತ್ರಗಳ ನಂಬರು ಅವಳ ಪುಸ್ತಕದಲ್ಲಿದ್ದವು, ಕ್ಲಿನಿಕ್‌ಗಳ ಫೋನ್ ನಂಬರು ಇರಲಿಲ್ಲ. ಜಾಣ ಬಂದು ಒಂದು ಪಟ್ಟಿಯನ್ನು ಮೇಜಿನ ಮೇಲಿಟ್ಟ.

"ನಿನ್ನ ಕೆಲಸಾನೂ ಹೋಗುತ್ತೆ ಕಣೋ," ಎಂದಳು.

"ಹೋಗ್ಲಿ ಅಕ್ಕಾ. ಮೇಲೆ ಕೂತು ಪ್ರೋಗ್ರಾಂ ಸರಿಮಾಡ್ತೀನಿ. ನೀವು ಇಲ್ಲಿ ಮಾಡಿ," ಎಂದು ಅವನು ಮೆಟ್ಟಿಲು ಹತ್ತಿದ.

ಮೊದಲನೆಯ ನಂಬರಿಗೆ ಫೋನು ಹೋಯಿತು. "ನಮಸ್ಕಾರ. ಕೂಸುಗಳ ತೂಕದ ಯಂತ್ರದ ಕಂಪನಿಯಿಂದ ಮಾತಾಡ್ತಿದ್ದೀನಿ. ನಿಮ್ಮ ಯಂತ್ರ ಪಾಸ್ ಮಾಡಿದವಳು ನಾನು. ತಪ್ಪಾಗಿ ಪಾಸ್ ಮಾಡಿದೀನಿ. ಈ ಕ್ಷಣದಿಂದ ಅದರಲ್ಲಿ ಮಕ್ಕಳನ್ನ ತೂಗಬೇಡಿ. ಹಳೇ ತಕ್ಕಡಿ ಇದ್ರೆ ಅದರಲ್ಲಿ ತೂಗಿ, ಹೋದ ವಾರಗಳ ಮಕ್ಕಳನ್ನೂ ಕರೆಸಿ ಮತ್ತೆ ತೂಗಿ." ಕೆಲವರು ಬೈದರು. ಒಬ್ಬರು ತಮಾಷೆ ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದಳು, ಮತ್ತೆ ಇಟ್ಟರು, ಮೂರನೆಯ ಸಲ ಕೇಳಿದರು. ಒಬ್ಬ ದೊಡ್ಡ ಡಾಕ್ಟರು, "ನಿಮ್ಮಂಥ ಬೇಜವಾಬ್ದಾರಿ ಜನಾನ ನಾನು ನೋಡೇ ಇಲ್ಲ," ಎಂದರು. "ಹೌದು ಸಾರ್, ಬೈರಿ. ಬೈತಾ ಬೈತಾ ಆ ತಂತಿ ಕಿತ್ತುಬಿಡಿ," ಎಂದಳು.

ಇಪ್ಪತ್ತಾಯಿತು, ಮೂವತ್ತಾಯಿತು. ಗಂಟಲು ಒಣಗಿತು. ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ್ ಇಳಿದು ಬಂದ. ಕೈಯಲ್ಲಿ ಮಡಚಿದ ಒಂದು ಪತ್ರ.

"ಫೋನ್ ಇಡಿ."

ಕಲ್ಲಕ್ಕ ನಂಬರ್ ಒತ್ತುತ್ತಿದ್ದಳು.

"ಇದು ನಿಮ್ಮ ಕೆಲಸದಿಂದ ತೆಗೆದ ಪತ್ರ. ಈ ಫೋನ್ ಮುಟ್ಟೋ ಹಕ್ಕು ಈಗ ನಿಮಗಿಲ್ಲ. ಇಡಿ ಅಂದೆ."

"ಕೊಡಿ ಸಾರ್," ಎಂದು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಪತ್ರದ ಕೆಳಗೆ ತಲುಪಿದೆ ಎಂದು ಬರೆದು ರುಜು ಹಾಕಿ ವಾಪಸು ಕೊಟ್ಟಳು. "ಇದು ನಿಜವಾದ ಮಾತು, ಇದಕ್ಕೆ ಹಾಕ್ತೀನಿ. ಈಗ ನಾನು ನಿಮ್ಮ ಕೆಲಸದವಳಲ್ಲ, ಹೊರಗಿಂದ ಬಂದ ಒಬ್ಬ ಅಜ್ಜಿ. ಎಳೆದು ಹಾಕಬೇಕಾದ್ರೆ ಎಳೆದು ಹಾಕಿ. ಹಲೋ? ಹಲೋ, ನಮಸ್ಕಾರ..."

ಭುಜದಿಂದ ಜಾರುತ್ತಿದ್ದ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಆ ಕಡೆಯ ನರ್ಸಿನ ದನಿ ಕೋಣೆಗೆಲ್ಲ ಕೇಳಿತು.

"ನಮ್ಮ ಯಂತ್ರ ಚೆನ್ನಾಗಿದೆ ಅಮ್ಮಾ. ಇಲ್ಲಿ ಅವಳಿ ಮಕ್ಕಳಿದ್ದಾರೆ, ನಾಲ್ಕು ವಾರದಿಂದ ಎರಡೂ ಒಂದೇ ತೂಕ! ಫೋಟೋ ತೆಗೆದು ಗೋಡೆಗೂ ಹಾಕಿದ್ದೀವಿ. ಇವತ್ತೂ ಬಂದಿದಾರೆ, ಹೊರಗೆ ಕೂತಿದಾರೆ. ಎರಡೂ ಎರಡು ಒಂಬೈನೂರು."

ಕಲ್ಲಕ್ಕ ಕಣ್ಣು ಮುಚ್ಚಿದಳು. "ಯಾವಾಗ್ಲೂ ಯಾವ ಮಗೂನ ಮೊದ್ಲು ತೂಗ್ತೀರಾ?"

"ದೊಡ್ಡದನ್ನ. ಅದು ಗಲಾಟೆ ಜಾಸ್ತಿ."

"ಚಿಕ್ಕದು?"

"ಪಾಪ, ಅದು ಸಾಧು. ಮಲಗೇ ಇರುತ್ತೆ."

"ತಾಯೀ, ಹಳೇ ತಕ್ಕಡಿ ಏನಾದ್ರೂ ಇದ್ಯಾ? ಚಿಕ್ಕದನ್ನ ಅದರಲ್ಲಿ ತೂಗು. ನಾನು ಫೋನ್ ಇಡಲ್ಲ. ಈಗಲೇ ತೂಗು, ನಿನಗೆ ಕೈ ಮುಗೀತೀನಿ."

ಆ ಕಡೆ ಕುರ್ಚಿ ಸರಿದ ಸದ್ದು, ಯಾರನ್ನೋ ಕರೆದ ಸದ್ದು, ಒಂದು ಕೂಸಿನ ಜೋರು ಅಳು. ಇನ್ನೊಂದರ ಸದ್ದೇ ಇಲ್ಲ. ಮ್ಯಾನೇಜರ್ ಫೋನಿನ ಕಡೆ ಚಾಚಿದ ಕೈ ಹಾಗೇ ನಿಂತಿತ್ತು. ಬಹಳ ಹೊತ್ತಾದ ಮೇಲೆ ನರ್ಸ್ ಬಂದಳು. ದನಿ ಮೊದಲಿನದಾಗಿರಲಿಲ್ಲ.

"ಎರಡು ಆರುನೂರ ಇಪ್ಪತ್ತು."

"ಡಾಕ್ಟರನ್ನ ಕರಿ," ಎಂದಳು ಕಲ್ಲಕ್ಕ. "ಓಡು."

ಫೋನು ಕಟ್ಟಾಯಿತು. ಕಲ್ಲಕ್ಕ ಪಟ್ಟಿಯ ಮೇಲೆ ಬಗ್ಗಿದಳು. ಸಾಲುಗಳೆಲ್ಲ ಕಲಸಿಹೋಗಿದ್ದವು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಹಾಕಿಕೊಂಡಳು, ಮತ್ತೆ ಒದ್ದೆಯಾಯಿತು. ಪಟ್ಟಿಯನ್ನು ಮ್ಯಾನೇಜರ್ ಕಡೆಗೆ ತಳ್ಳಿದಳು.

"ನಮ್ಮ ಮನೆ ಹತ್ರದ್ದೂ ಸೇರಿ ನಲವತ್ತೆರಡು ಆಯ್ತು ಸಾರ್. ಇನ್ನೂ ಇನ್ನೂರ ಎಪ್ಪತ್ತನಾಲ್ಕು ಇವೆ. ನನಗೆ ಕಣ್ಣು ಕಾಣ್ತಿಲ್ಲ. ಮುಂದಿನದು ಓದಿ."

ಮ್ಯಾನೇಜರ್ ಕೈಯಲ್ಲಿದ್ದ ಪತ್ರವನ್ನು ನೋಡಿದ, ಬಾಗಿಲ ಕಡೆ ನೋಡಿದ.

"ಓದಿ ಅಂದೆ!" ಕಲ್ಲಕ್ಕ ಮೇಜು ಗುದ್ದಿದಳು.

ಅವನು ಓದಿದ.